ಓದುಗರ ಪ್ರಶ್ನೆ: ಎಕ್ಸೆಲ್ ಮ್ಯಾಕ್ರೋವನ್ನು ಆಡ್-ಇನ್ ಮಾಡಲು ಜಾವಾಸ್ಕ್ರಿಪ್ಟ್ ಕಲಿಯಲೇಬೇಕೇ?

ಪ್ರಶ್ನೆ: ಶಿರಸಿ ಬಳಿಯ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರ ಅಡಿಕೆ ಮಾರಾಟದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸುತ್ತೇವೆ. ಖರ್ಚು ಕಳೆಯಲು, ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು, ಪಟ್ಟಿ ಮುದ್ರಿಸಲು ಮ್ಯಾಕ್ರೋಗಳು, ಅಂದರೆ ಎಕ್ಸೆಲ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು, ಇವೆ. ಎಲ್ಲವೂ ಒಂದೇ ಫೈಲಿನಲ್ಲಿತ್ತು. ಈಗ ಅದರ ನಕಲುಗಳು ನಾಲ್ಕು ಕಂಪ್ಯೂಟರುಗಳಲ್ಲಿ ನಾಲ್ಕು ರೀತಿ ಆಗಿವೆ. ಇದನ್ನು ಆಡ್-ಇನ್ (ಎಕ್ಸೆಲ್‌ಗೆ ಸೇರಿಸಿಕೊಳ್ಳುವ ಪ್ರತ್ಯೇಕ ಪ್ರೋಗ್ರಾಂ ಫೈಲು) ಮಾಡಿ ಎಂದು ಒಬ್ಬರು ಹೇಳಿದರು. ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎ ಹಳೆಯದಾಯಿತು, ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೆಯಿರಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರ ಮಾತು ಕೇಳಿ. ಎರಡನೆಯವರು ಹೇಳಿದ್ದು ತಪ್ಪಲ್ಲ, ಆದರೆ ಅದು ನಿಮ್ಮ ಸಂಘದ ತೊಂದರೆಗೆ ಮದ್ದಲ್ಲ. ವಿಬಿಎ 1993ರಲ್ಲಿ ಎಕ್ಸೆಲ್ 5ರ ಜೊತೆ ಬಂದದ್ದು. ಹಳೆಯದು ನಿಜ, ಆದರೆ ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇಂದಿಗೂ ಓಡುತ್ತದೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲಿನ ಸಂಪರ್ಕ ಹೇಗಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೌಂಟರಿನ ಮುಂದೆ ಸದಸ್ಯರು ನಿಂತಿರುವಾಗ ನೆಟ್ ಬಂದ ಮೇಲೆ ಪಟ್ಟಿ ಕೊಡುತ್ತೇವೆ ಎನ್ನಲಾಗುವುದಿಲ್ಲ.

ನಿಮ್ಮ ನಿಜವಾದ ತೊಂದರೆ ಭಾಷೆಯದಲ್ಲ. ಲೆಕ್ಕ ಮಾಡುವ ಪ್ರೋಗ್ರಾಂ ಮತ್ತು ಲೆಕ್ಕದ ಅಂಕಿಗಳು ಒಂದೇ ಫೈಲಿನಲ್ಲಿವೆ. ಹೊಸ ವರ್ಷಕ್ಕೆಂದು ಫೈಲನ್ನು ನಕಲು ಮಾಡಿದಾಗ ಮ್ಯಾಕ್ರೋವೂ ನಕಲಾಗುತ್ತದೆ, ಆಮೇಲೆ ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಲುಪುವುದಿಲ್ಲ. ಆಡ್-ಇನ್ ಇವೆರಡನ್ನೂ ಬೇರ್ಪಡಿಸುತ್ತದೆ. ಮ್ಯಾಕ್ರೋಗಳನ್ನು ಮಾತ್ರ ಹೊಸ ವರ್ಕ್‌ಬುಕ್ಕಿಗೆ ಸಾಗಿಸಿ, ‘ಸೇವ್ ಆ್ಯಸ್’ನಲ್ಲಿ ‘ಎಕ್ಸೆಲ್ ಆಡ್-ಇನ್’ ಎಂಬ ಬಗೆಯನ್ನು ಆರಿಸಿ. ಎಕ್ಸ್‌ಎಲ್‌ಎಎಂ ಎಂಬ ಬಾಲವಿರುವ ಫೈಲ್ ಸಿಗುತ್ತದೆ. 2007ರ ಆಫೀಸ್‌ನಿಂದ ಈಚೆಗೆ ಇರುವ ರೂಪ ಇದು. ನಂತರ ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗಿನ ‘ಗೋ’ ಒತ್ತಿ, ‘ಬ್ರೌಸ್’ನಿಂದ ಫೈಲನ್ನು ತೋರಿಸಿ ಟಿಕ್ ಹಾಕಿದರೆ ಆಯಿತು. ಎಕ್ಸೆಲ್ ತೆರೆದಾಗಲೆಲ್ಲ ಅದೂ ತೆರೆದುಕೊಳ್ಳುತ್ತದೆ, ಆದರೆ ಅದರ ಶೀಟುಗಳು ಕಣ್ಣಿಗೆ ಬೀಳುವುದಿಲ್ಲ.

ಸಾಗಿಸುವಾಗ ಒಂದು ಕಡೆ ಎಡವುವ ಸಾಧ್ಯತೆ ಹೆಚ್ಚು. ಹಳೆಯ ಮ್ಯಾಕ್ರೋದಲ್ಲಿ ‘ದಿಸ್‌ವರ್ಕ್‌ಬುಕ್’ ಎಂದು ಬರೆದಿದ್ದರೆ, ಆಡ್-ಇನ್ ಆದ ಮೇಲೆ ಅದರ ಅರ್ಥ ಆಡ್-ಇನ್ ಫೈಲು ಎಂದೇ ಆಗುತ್ತದೆ, ಸದಸ್ಯರ ಲೆಕ್ಕದ ಫೈಲಲ್ಲ. ಆಗ ಮ್ಯಾಕ್ರೋ ತನ್ನ ಅಡಗಿದ ಶೀಟಿನಲ್ಲೇ ಬರೆದು ಮುಗಿಸಬಹುದು. ದೋಷದ ಸಂದೇಶವೂ ಇಲ್ಲ, ಫಲಿತಾಂಶವೂ ಇಲ್ಲ. ಸದಸ್ಯರ ಫೈಲನ್ನು ಉದ್ದೇಶಿಸಿದ ಕಡೆಗಳಲ್ಲೆಲ್ಲ ‘ಆಕ್ಟಿವ್‌ವರ್ಕ್‌ಬುಕ್’ ಎಂದು ಬದಲಿಸಿ. ಇನ್ನೊಂದು ವಿಷಯ: ಆಡ್-ಇನ್ನಿನ ಮ್ಯಾಕ್ರೋಗಳು ಆಲ್ಟ್ ಮತ್ತು ಎಫ್8 ಒತ್ತಿದಾಗ ಬರುವ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅವುಗಳಿಗೆ ಮೇಲಿನ ಕ್ವಿಕ್ ಆಕ್ಸೆಸ್ ಪಟ್ಟಿಯಲ್ಲೋ ರಿಬ್ಬನ್ನಿನಲ್ಲೋ ಗುಂಡಿ ಮಾಡಿಕೊಡಬೇಕು.

ಈಗ ನಿಮ್ಮ ಕೆಲಸದ ಅತ್ಯಂತ ತೊಡಕಿನ ಭಾಗಕ್ಕೆ ಬರೋಣ: ಮೊತ್ತವನ್ನು ಕನ್ನಡದಲ್ಲಿ ಬರೆಯುವುದು. ಅಂತರ್ಜಾಲದಲ್ಲಿ ಸಿಗುವ ಬಹುಪಾಲು ನಮೂನೆಗಳು ಮಿಲಿಯನ್ ಲೆಕ್ಕದವು, ಇಂಗ್ಲಿಷಿನವು. ಅವನ್ನು ತಿದ್ದಲು ಕೂತರೆ ಮೊದಲ ಅಡ್ಡಿಯೇ ವಿಬಿಎ ಸಂಪಾದಕ, ಅಂದರೆ ಮ್ಯಾಕ್ರೋ ಬರೆದು ತಿದ್ದುವ ಕಿಟಕಿ. ಅದು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಒಪ್ಪುವುದಿಲ್ಲ; ವಿಂಡೋಸ್‌ನ ಹಳೆಯ ಸಂಕೇತಪಟ್ಟಿಗಳ ಮೇಲೆ ನಿಂತಿದೆ, ಮತ್ತು ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ಹಾಗಾಗಿ ‘ಇಪ್ಪತ್ತು’ ಎಂದು ಅಂಟಿಸಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಒಂದೊಂದೇ ಅಕ್ಷರದ ಸಂಖ್ಯಾಸಂಕೇತ ಕೊಟ್ಟು ಪದ ಕಟ್ಟಬಹುದು, ಆದರೆ ನಾಳೆ ತಿದ್ದಲು ಬಂದವರು ನಿಮ್ಮನ್ನು ಶಪಿಸುತ್ತಾರೆ. ಇದಕ್ಕಿಂತ ಸುಲಭದ ದಾರಿ ಇದೆ. ಆಡ್-ಇನ್ನಿನೊಳಗೆ ಶೀಟುಗಳಿರುತ್ತವೆ ಎಂದೆನಲ್ಲ, ಸೆಲ್‌ಗಳಿಗೆ ಕನ್ನಡ ಬರೆಯಲು ಯಾವ ಅಡ್ಡಿಯೂ ಇಲ್ಲ. ಪದಗಳನ್ನೆಲ್ಲ ಅಲ್ಲಿ ಬರೆದಿಡಿ, ಪ್ರೋಗ್ರಾಂ ಅಲ್ಲಿಂದ ಓದಿಕೊಳ್ಳಲಿ. ‘ದಿಸ್‌ವರ್ಕ್‌ಬುಕ್’ ಇಲ್ಲಿ ಮಾತ್ರ ಸರಿಯಾದ ಪದ.

ಪದಗಳು ಎಷ್ಟು ಬೇಕು? ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಪೂರ್ತಿ ನೂರು ಪದಗಳನ್ನು ಬರೆದುಬಿಡಿ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು ಎಂದು ಕೂಡಿಕೆ ಬದಲಾಗುತ್ತಾ ಹೋಗುವುದರಿಂದ ನಿಯಮ ಬರೆಯುವುದಕ್ಕಿಂತ ಪಟ್ಟಿಯೇ ಲೇಸು. ನೂರರ ಸಾಲಿಗೂ ಹಾಗೆಯೇ: ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು. ನೂರು ಮತ್ತು ಸಾವಿರಕ್ಕೆ ಪಕ್ಕದ ಕಾಲಂನಲ್ಲಿ ಇನ್ನೊಂದು ರೂಪವೂ ಬೇಕು. 1,23,400 ಎಂದರೆ ‘ಒಂದು ಲಕ್ಷ ಇಪ್ಪತ್ತಮೂರು ಸಾವಿರದ ನಾನೂರು’. 1,23,450 ಆದಾಗ ಅದು ‘ಸಾವಿರದ ನಾನೂರ ಐವತ್ತು’. 1,23,000 ಆದರೆ ಬರೀ ‘ಸಾವಿರ’. ಮುಂದೆ ಏನಾದರೂ ಉಳಿದಿದೆಯೇ ಎಂದು ನೋಡಿ ಪ್ರೋಗ್ರಾಂ ಎರಡರಲ್ಲಿ ಒಂದು ರೂಪವನ್ನು ಆರಿಸಬೇಕು, ಅಷ್ಟೇ.

ಪದಪಟ್ಟಿಯನ್ನು ಮತ್ತೆ ತಿದ್ದಬೇಕಾದಾಗ ವಿಬಿಎ ಸಂಪಾದಕದಲ್ಲಿ ಆ ವರ್ಕ್‌ಬುಕ್ಕಿನ ‘ಈಸ್‌ಆಡ್‌ಇನ್’ ಎಂಬ ಗುಣವನ್ನು ‘ಫಾಲ್ಸ್’ ಮಾಡಿ. ಶೀಟು ಕಾಣುತ್ತದೆ. ತಿದ್ದಿ, ಮತ್ತೆ ‘ಟ್ರೂ’ ಮಾಡಿ, ಸಂಪಾದಕದಿಂದಲೇ ಉಳಿಸಿ. ಆಡ್-ಇನ್ ಫೈಲಿಗೆ ‘ಉಳಿಸಬೇಕೇ?’ ಎಂದು ಎಕ್ಸೆಲ್ ಕೇಳುವುದಿಲ್ಲ, ಸುಮ್ಮನೆ ಮುಚ್ಚುತ್ತದೆ.

ಅಂಕಿಗಳ ವಿಷಯದಲ್ಲಿ ಎರಡು ಎಚ್ಚರಿಕೆ. ವಿಬಿಎಯಲ್ಲಿ ಪೂರ್ಣಾಂಕಗಳನ್ನು ಇಡುವ ‘ಇಂಟಿಜರ್’ ಎಂಬ ಬಗೆ 32,767ಕ್ಕೆ ನಿಲ್ಲುತ್ತದೆ. ಒಂದು ಕ್ವಿಂಟಲ್ ರಾಶಿ ಅಡಿಕೆಯ ದರವೇ 40,000 ದಾಟುವ ಕಾಲದಲ್ಲಿ ಅದು ಯಾತಕ್ಕೂ ಸಾಲದು. ಹಣಕ್ಕೆ ‘ಕರೆನ್ಸಿ’ ಎಂಬ ಬಗೆಯನ್ನೇ ಬಳಸಿ. ಎರಡನೆಯದು ಇನ್ನೂ ಸೂಕ್ಷ್ಮ. ವಿಬಿಎಯ ‘ರೌಂಡ್’ ಸರಿಯಾಗಿ ಅರ್ಧಕ್ಕೆ ಬಂದಾಗ ಸಮಸಂಖ್ಯೆಯ ಕಡೆಗೆ ವಾಲುತ್ತದೆ. 24,562.50 ರೂಪಾಯಿಯನ್ನು ಅದು 24,562 ಮಾಡುತ್ತದೆ, ಶೀಟಿನ ‘ರೌಂಡ್’ ಫಾರ್ಮುಲಾ 24,563 ಮಾಡುತ್ತದೆ. ಒಂದೇ ಪಟ್ಟಿಯಲ್ಲಿ ಅಂಕಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಲೆಕ್ಕಪರಿಶೋಧಕರು ಬಿಡುತ್ತಾರೆಯೇ? ಮ್ಯಾಕ್ರೋದೊಳಗೂ ಶೀಟಿನ ಫಾರ್ಮುಲಾವನ್ನೇ ಕರೆಯಿರಿ. ‘ವರ್ಕ್‌ಶೀಟ್‌ಫಂಕ್ಷನ್’ ಇರುವುದೇ ಅದಕ್ಕೆ. ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕುವುದಕ್ಕಷ್ಟೇ ಆಡ್-ಇನ್ ಬೇಕೆಂದುಕೊಂಡಿದ್ದರೆ ಬೇಡ, ಸೆಲ್‌ನ ಕಸ್ಟಮ್ ನಂಬರ್ ಫಾರ್ಮ್ಯಾಟ್‌ನಿಂದಲೇ ಆಗುತ್ತದೆ.

ನಾಲ್ಕು ಕಂಪ್ಯೂಟರಿಗೂ ಒಂದೇ ಪ್ರತಿ ಸಾಕು. ಕಚೇರಿಯ ಹಂಚಿಕೆಯ ಫೋಲ್ಡರಿನಲ್ಲಿಡಿ, ಅದಕ್ಕೆ ‘ರೀಡ್ ಓನ್ಲಿ’ ಗುರುತು ಹಾಕಿ. ಸೇರಿಸುವಾಗ ‘ಆಡ್-ಇನ್ಸ್ ಫೋಲ್ಡರಿಗೆ ನಕಲು ಮಾಡಲೇ?’ ಎಂದು ಎಕ್ಸೆಲ್ ಕೇಳಿದರೆ ಬೇಡ ಎನ್ನಿ. ಹೌದು ಎಂದಿರೋ, ಮತ್ತೆ ನಾಲ್ಕು ಪ್ರತಿಗಳು. ಇಮೇಲಿನಲ್ಲಿ ಕಳಿಸಿಕೊಂಡರೆ ಇನ್ನೊಂದು ತಡೆ ಎದುರಾಗುತ್ತದೆ: ಅಂತರ್ಜಾಲದಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಫೈಲಿನ ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಬೇಕು. ನಿಮ್ಮದೇ ಫೈಲಾದರೆ ಮಾತ್ರ ಮಾಡಿ. ಆ ತಡೆ ಸುಮ್ಮನೆ ಬಂದದ್ದಲ್ಲ. ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿ ಗುಟ್ಟು ಕಾಪಾಡುತ್ತೇನೆ ಎಂದುಕೊಳ್ಳಬೇಡಿ, ವಿಬಿಎ ಪಾಸ್‌ವರ್ಡ್ ಮುರಿಯುವುದು ಮಕ್ಕಳಾಟ. ಮ್ಯಾಕ್ರೋ ಶೀಟನ್ನು ಬದಲಿಸಿದ ಮೇಲೆ ಕಂಟ್ರೋಲ್-ಝಡ್ ಕೆಲಸ ಮಾಡುವುದಿಲ್ಲ ಎಂಬುದನ್ನು ಸಿಬ್ಬಂದಿಗೆ ಮೊದಲೇ ಹೇಳಿಡಿ.

ಕಾರವಾರದ ಜಿಲ್ಲಾ ಕಚೇರಿಗೋ ಬೇರೆಲ್ಲಿಗೋ ಫೈಲ್ ಕಳಿಸುವಾಗ ಮತ್ತೊಂದು ಎಚ್ಚರ ಬೇಕು. ಅಲ್ಲಿ ನಿಮ್ಮ ಆಡ್-ಇನ್ ಇರುವುದಿಲ್ಲ. ಮೊತ್ತದ ಸೆಲ್‌ನ ಫಾರ್ಮುಲಾ ನಿಮ್ಮ ಕಂಪ್ಯೂಟರಿನ ಫೋಲ್ಡರಿನ ದಾರಿಯನ್ನೇ ಹಿಡಿದುಕೊಂಡು ಹೋಗಿ, ಅಲ್ಲಿ ಮತ್ತೆ ಲೆಕ್ಕ ಹಾಕಿದೊಡನೆ ‘ನೇಮ್’ ಎಂಬ ದೋಷ ತೋರಿಸುತ್ತದೆ. ಕಳಿಸುವ ಪ್ರತಿಯಲ್ಲಿ ಆ ಸೆಲ್‌ಗಳನ್ನು ನಕಲಿಸಿ ‘ಪೇಸ್ಟ್ ವ್ಯಾಲ್ಯೂಸ್’ ಮಾಡಿ, ಇಲ್ಲವೇ ಪಿಡಿಎಫ್ ಕಳಿಸಿ.

ಹಾಗಾದರೆ ಜಾವಾಸ್ಕ್ರಿಪ್ಟ್ ಯಾರಿಗೆ? ಎಕ್ಸೆಲ್ ಅನ್ನು ಬ್ರೌಸರಿನಲ್ಲಿ, ಮ್ಯಾಕ್‌ನಲ್ಲಿ, ಐಪ್ಯಾಡಿನಲ್ಲಿ ಬಳಸುವವರಿಗೆ. ಬ್ರೌಸರಿನಲ್ಲೂ ಐಪ್ಯಾಡಿನಲ್ಲೂ ವಿಬಿಎ ಓಡುವುದಿಲ್ಲ. 2013ರ ಆಫೀಸ್‌ನೊಂದಿಗೆ ಶುರುವಾದ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವ ಈ ಹೊಸ ಬಗೆಯ ಆಡ್-ಇನ್ ನಿಜಕ್ಕೂ ಒಂದು ಪುಟ್ಟ ಜಾಲತಾಣ: ಪಕ್ಕದ ಫಲಕದಲ್ಲಿ ತೆರೆದುಕೊಳ್ಳುತ್ತದೆ, ಎಚ್‌ಟಿಟಿಪಿಎಸ್ ಇರುವ ಸರ್ವರಿನಿಂದ ಬರುತ್ತದೆ, ಮ್ಯಾನಿಫೆಸ್ಟ್ ಎಂಬ ಫೈಲ್ ಅದರ ವಿಳಾಸವನ್ನು ಎಕ್ಸೆಲ್‌ಗೆ ತಿಳಿಸುತ್ತದೆ. ಕನ್ನಡದ ತಾಪತ್ರಯ ಇಲ್ಲಿಲ್ಲ, ಯೂನಿಕೋಡ್ ಸಹಜವಾಗಿ ನಡೆಯುತ್ತದೆ. ಆದರೆ ಬರೆಯುವ ರೀತಿ ಬೇರೆ. ಪ್ರತಿ ಸೆಲ್‌ಗೂ ಒಮ್ಮೆ ಎಕ್ಸೆಲ್‌ನ ಜೊತೆ ಮಾತಾಡಿದರೆ ನಿಧಾನವಾಗುತ್ತದೆ. ಪೇಟೆಗೆ ಹೋಗುವವರ ಕೈಗೆ ಸಾಮಾನಿನ ಚೀಟಿ ಕೊಟ್ಟಂತೆ, ಮಾಡಬೇಕಾದುದನ್ನೆಲ್ಲ ಸಾಲಾಗಿಟ್ಟು ‘ಸಿಂಕ್’ ಎಂಬ ಒಂದೇ ಕರೆಯಲ್ಲಿ ಕಳಿಸಬೇಕು. ಸರ್ವರು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಸಂಘ ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ನಡುವೆ ವಿಎಸ್‌ಟಿಒ ಎಂಬ ಇನ್ನೊಂದು ಬಗೆಯ ಆಡ್-ಇನ್ನೂ ಇದೆ. ಅದಕ್ಕೆ ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಷುಯಲ್ ಸ್ಟುಡಿಯೋ ಬೇಕು, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಹೊಸ ಔಟ್‌ಲುಕ್ ಅದನ್ನು ಒಪ್ಪುವುದಿಲ್ಲ. ಈಗ ಹೊಸದಾಗಿ ಆರಂಭಿಸುವವರು ಅತ್ತ ಹೋಗುವುದು ಬೇಡ. ಎಕ್ಸೆಲ್ ಬದಲು ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಬಳಸುವವರ ಲೋಕವೇ ಬೇರೆ: ಅಲ್ಲಿ ವಿಬಿಎ ಅರೆಬರೆ ಓಡುತ್ತದೆ, ಸರಿಯಾದ ವಿಸ್ತರಣೆ ಬೇಕಿದ್ದರೆ ಪೈಥಾನ್‌ನಲ್ಲಿ ಬರೆಯಬಹುದು.

ಜಾವಾಸ್ಕ್ರಿಪ್ಟ್ ಹೇಗಿರುತ್ತದೆ ಎಂಬ ಕುತೂಹಲ ಉಳಿದಿದ್ದರೆ ಮೈಕ್ರೋಸಾಫ್ಟ್‌ನ ‘ಸ್ಕ್ರಿಪ್ಟ್ ಲ್ಯಾಬ್’ ಎಂಬ ಉಚಿತ ಆಡ್-ಇನ್ ಹಾಕಿಕೊಳ್ಳಿ. ಎಕ್ಸೆಲ್‌ನೊಳಗೇ ಬರೆದು ಅಲ್ಲೇ ಓಡಿಸಿ ನೋಡಬಹುದು, ಸ್ವಂತ ಸರ್ವರು ಬೇಡ. ಆದರೆ ಸಂಘದ ಲೆಕ್ಕದ ಫೈಲ್ ತೆರೆದುಕೊಂಡು ಮಾಡಬೇಡಿ, ಖಾಲಿ ಶೀಟಿನಲ್ಲಿ ಮಾಡಿ.