ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರ ರೂಮ್ ಮಾಡುವುದಾದರೆ ಎಲ್ಲಿ?

ಪ್ರಶ್ನೆ: ನಾವು ಕೊಡಗಿನ ಗೋಣಿಕೊಪ್ಪದವರು. ಮಗ ಸೈನ್ಯದಲ್ಲಿದ್ದು, ಅವನನ್ನು ನೋಡಲು ಗುವಾಹಟಿಗೆ ಹೊರಟಿದ್ದೇವೆ. ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಉಳಿದುಕೊಳ್ಳಬೇಕೆಂದಿದ್ದೇವೆ. ಮೆಜೆಸ್ಟಿಕ್‌ನಲ್ಲಿ ಒಳ್ಳೆಯ ಹೋಟೆಲ್ ಯಾವುದು?

ಕಾಫಿ ಕೊಯ್ಲು ಮುಗಿದು ತೋಟದ ಕೆಲಸಗಾರರು ಅಸ್ಸಾಂ, ಬಂಗಾಳಗಳ ಕಡೆಗೆ ಹೊರಡುವ ದಿನಗಳಲ್ಲಿ ಮತ್ತು ಶಾಲೆಗಳಿಗೆ ಬೇಸಿಗೆ ರಜೆ ಬಂದಾಗ ಈ ಪ್ರಶ್ನೆ ತಪ್ಪದೆ ಬರುತ್ತದೆ. ಪ್ರತಿ ಸಲವೂ ನಾನು ‘ಯಾವ ನಿಲ್ದಾಣ?’ ಎಂದು ಮರುಪ್ರಶ್ನೆ ಹಾಕುತ್ತೇನೆ. ಪ್ರತಿ ಸಲವೂ, ಟಿಕೆಟ್ಟನ್ನು ತೆಗೆದು ನೋಡುವ ಮೊದಲೇ, ‘ಅದೇ, ಮೆಜೆಸ್ಟಿಕ್‌ನದು’ ಎಂಬ ಉತ್ತರ ಬರುತ್ತದೆ. ಇಂದಿನ ಓದುಗರು ಪ್ರಶ್ನೆಯಲ್ಲಿಯೇ ಆ ಉತ್ತರವನ್ನೂ ಸೇರಿಸಿ ಕಳುಹಿಸಿದ್ದಾರೆ.

ಹೀಗಾಗಿ ಹೋಟೆಲಿನ ಮಾತಿಗೆ ಮೊದಲು ಈ ನಂಬಿಕೆಯನ್ನು ಬಿಡಿಸಬೇಕಾಗಿದೆ. ಬೆಂಗಳೂರಿನ ರೈಲುಗಳೆಲ್ಲ ಮೆಜೆಸ್ಟಿಕ್‌ನಿಂದ ಹೊರಡುವುದಿಲ್ಲ. ಮೆಜೆಸ್ಟಿಕ್ ಎದುರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಒಂದು, ಯಶವಂತಪುರ ಇನ್ನೊಂದು, ಬೈಯಪ್ಪನಹಳ್ಳಿಯಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮತ್ತೊಂದು. ಇವಲ್ಲದೆ ದಂಡು (ಕಂಟೋನ್ಮೆಂಟ್) ನಿಲ್ದಾಣವೂ ಇದೆ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಮೊದಲ ರೈಲು ಎರ್ನಾಕುಳಂ ಕಡೆಗೆ ಹೊರಟದ್ದು 2022ರ ಜೂನ್ 6ರಂದು. ಅಂದಿನಿಂದ ದೂರದ ಎಷ್ಟೋ ರೈಲುಗಳು ಅಲ್ಲಿಗೆ ಸ್ಥಳಾಂತರಗೊಂಡಿವೆ. ಗುವಾಹಟಿ ಎಕ್ಸ್‌ಪ್ರೆಸ್, ಹೌರಾ ಎಕ್ಸ್‌ಪ್ರೆಸ್, ಬಿಹಾರದ ಕಡೆ ಹೋಗುವ ಸಂಘಮಿತ್ರ, ಅಗರ್ತಲಾದ ಹಮ್‌ಸಫರ್, ಅಂದರೆ ನಮ್ಮ ತೋಟಗಳ ಕೆಲಸಗಾರರಿಗೂ ಈಶಾನ್ಯದಲ್ಲಿರುವ ಸೈನಿಕರ ಮನೆಯವರಿಗೂ ಬೇಕಾದ ರೈಲುಗಳೇ, ಅಲ್ಲಿಂದ ಹೊರಡುತ್ತವೆ. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮತ್ತು ರಾಜಧಾನಿ ಮಾತ್ರ ರಾಯಣ್ಣ ನಿಲ್ದಾಣದವು. ಹಿಂದೊಮ್ಮೆ ದೆಹಲಿಗೆ ಹೋಗಿ ಬಂದ ನೆಂಟರು ‘ಎಲ್ಲವೂ ಮೆಜೆಸ್ಟಿಕ್‌ನಿಂದಲೇ’ ಎಂದು ಖಡಾಖಂಡಿತವಾಗಿ ಹೇಳುವುದಕ್ಕೆ ಇದೇ ಕಾರಣವಿದ್ದೀತು.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕುಳಿತಿರುವುದರಲ್ಲಿ ಆಶ್ಚರ್ಯವೇನಿಲ್ಲ. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿನಲ್ಲಿ ಕಟ್ಟಿಸಿದ ಧರ್ಮಛತ್ರ 1903ರಿಂದ ಪ್ರಯಾಣಿಕರಿಗೆ ಆಶ್ರಯ ಕೊಟ್ಟಿದೆ. ಆಮೇಲೆ ಅದೇ ಆವರಣದ ಎದುರಿಗೆ ಕೆಂಪೇಗೌಡ ಬಸ್ ನಿಲ್ದಾಣ ಬಂತು, ಗಾಂಧಿನಗರ ಮತ್ತು ಕಾಟನ್‌ಪೇಟೆಗಳಲ್ಲಿ ಸಾಲು ಸಾಲಾಗಿ ಲಾಡ್ಜ್‌ಗಳು ಎದ್ದವು. ಬಸ್ಸಿನಿಂದ ಇಳಿದು, ಸುರಂಗಮಾರ್ಗ ದಾಟಿ, ರೈಲು ಹತ್ತುವ ಅಭ್ಯಾಸ ಎರಡು ಮೂರು ತಲೆಮಾರುಗಳಿಂದ ಬಂದದ್ದು. ರೈಲೇ ಇಲ್ಲದ ಜಿಲ್ಲೆಯವರಾದ ನಾವು ಹಿರಿಯರ ಈ ವಾಡಿಕೆಯನ್ನು ಉಳಿದವರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದೇವೆ, ಅಷ್ಟೆ. ಆದರೆ ಮೆಜೆಸ್ಟಿಕ್‌ಗೂ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೂ ನಡುವೆ ಹತ್ತು ಕಿಲೋಮೀಟರಿನ ಆಸುಪಾಸು ದೂರವಿದೆ, ಮತ್ತು ಅದು ಬೆಂಗಳೂರಿನ ಸಂಜೆಯ ಹತ್ತು ಕಿಲೋಮೀಟರ್ ಎಂಬುದನ್ನು ಮರೆಯಬಾರದು.

ಟಿಕೆಟ್ಟಿನಲ್ಲಿ, ಇಲ್ಲವೇ ಮೊಬೈಲಿಗೆ ಬಂದ ಸಂದೇಶದಲ್ಲಿ, ಹೊರಡುವ ನಿಲ್ದಾಣದ ಸಂಕೇತಾಕ್ಷರಗಳಿರುತ್ತವೆ. ಎಸ್‌ಬಿಸಿ ಎಂದಿದ್ದರೆ ರಾಯಣ್ಣ ನಿಲ್ದಾಣ, ಎಸ್‌ಎಂವಿಬಿ ಎಂದಿದ್ದರೆ ವಿಶ್ವೇಶ್ವರಯ್ಯ ಟರ್ಮಿನಲ್, ವೈಪಿಆರ್ ಎಂದಿದ್ದರೆ ಯಶವಂತಪುರ, ಬಿಎನ್‌ಸಿ ಎಂದಿದ್ದರೆ ದಂಡು. ರೂಮ್ ಹುಡುಕುವ ಕೆಲಸ ಇದನ್ನು ಓದಿದ ಮೇಲೆ ಆರಂಭವಾಗಬೇಕು.

ಗೋಣಿಕೊಪ್ಪದವರು ಹಿಡಿಯುವ ರೈಲು ಎಸ್‌ಎಂವಿಬಿಯದಾದ್ದರಿಂದ ಅವರಿಗೆ ಎರಡು ದಾರಿಗಳಿವೆ. ಬೈಯಪ್ಪನಹಳ್ಳಿ ಅಥವಾ ಇಂದಿರಾನಗರದ ಕಡೆಯಲ್ಲೇ ರೂಮ್ ಮಾಡಬಹುದು. ಅಲ್ಲಿ ಮೆಜೆಸ್ಟಿಕ್‌ನಷ್ಟು ಅಗ್ಗದ ಲಾಡ್ಜ್‌ಗಳ ಸಾಲು ಸಿಗದು. ಮೆಜೆಸ್ಟಿಕ್‌ನಲ್ಲೇ ಉಳಿಯಬೇಕೆಂದರೆ ಮೆಟ್ರೋದ ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿಯವರೆಗೆ ಹೋಗಿ, ಅಲ್ಲಿಂದ ಟರ್ಮಿನಲ್ಲಿಗೆ ಆಟೋ ಹಿಡಿಯಬೇಕು. ನಮ್ಮ ಕಡೆಯ ಬಸ್ಸಿನಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯುವವರಿಗೆ ದೀಪಾಂಜಲಿ ನಗರದಲ್ಲೇ ಅದೇ ನೇರಳೆ ಮಾರ್ಗ ಸಿಗುವುದರಿಂದ ಮೆಜೆಸ್ಟಿಕ್‌ನಲ್ಲಿ ಇಳಿಯುವ ಅಗತ್ಯವೇ ಇಲ್ಲ. ಭಾನುವಾರ ಮೆಟ್ರೋ ಸಾಮಾನ್ಯವಾಗಿ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ ಎಂಬುದನ್ನು ಮುಂಜಾನೆಯ ರೈಲಿನವರು ಗಮನದಲ್ಲಿಡಬೇಕು. ಯಶವಂತಪುರಕ್ಕೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗವಿದೆ, ಆ ಟಿಕೆಟ್ಟಿನವರಿಗೆ ಇಷ್ಟು ತೊಂದರೆಯಿಲ್ಲ.

ಚೆನ್ನೈಗೆ ಹೋಗುವವರೂ ರೂಮ್ ಕೇಳಿ ಬರೆಯುತ್ತಾರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಿಂದಲೇ ಕಾವೇರಿ ಎಕ್ಸ್‌ಪ್ರೆಸ್ ಹೊರಡುವಾಗ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಹೋಗಿ ಒಂದು ರಾತ್ರಿಯ ಬಾಡಿಗೆ ಕೊಡುವುದೇಕೆ?

ಯಾರೂ ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಒಂದು ದಿನದ ಬಾಡಿಗೆ ಎಂದರೆ ಎಷ್ಟು ಹೊತ್ತು? ಮೆಜೆಸ್ಟಿಕ್‌ನ ಹಳೆಯ ಲಾಡ್ಜ್‌ಗಳಲ್ಲಿ ಅನೇಕವು ನೀವು ಒಳಗೆ ಬಂದ ಗಳಿಗೆಯಿಂದ 24 ಗಂಟೆ ಲೆಕ್ಕ ಹಾಕುತ್ತವೆ, ಉಳಿದ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೋ ಹನ್ನೊಂದಕ್ಕೋ ದಿನ ಮುಗಿಯುತ್ತದೆ. ಮಡಿಕೇರಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ನಸುಕಿನಲ್ಲಿ ತಲುಪುವವರು ಎರಡನೆಯ ಬಗೆಯ ಹೋಟೆಲಿಗೆ ಹೋದರೆ, ಕೆಲವೇ ಗಂಟೆಗಳ ನಿದ್ದೆಗಾಗಿ ಇಡೀ ದಿನದ ಬಾಡಿಗೆಯನ್ನು ಹೆಚ್ಚಿಗೆ ತೆರಬೇಕಾದೀತು. ಮುಂಗಡ ಕೊಡುವ ಮೊದಲೇ ಫೋನಿನಲ್ಲಿ ಇದನ್ನು ಕೇಳಿಕೊಳ್ಳಿ.

ಕೆಲವು ಗಂಟೆಗಳಷ್ಟೇ ಸಾಕೆನ್ನುವವರಿಗೆ ದೊಡ್ಡ ನಿಲ್ದಾಣಗಳೊಳಗೆ ರೈಲ್ವೆಯ ವಿಶ್ರಾಂತಿ ಕೊಠಡಿಗಳಿವೆ. ಅದು ಮೊದಲ ದರ್ಜೆಯವರಿಗೆ ಮಾತ್ರ ಮೀಸಲಾದ ಸವಲತ್ತಲ್ಲ. ಖಚಿತವಾದ ಅಥವಾ ಆರ್‌ಎಸಿ (ಮಲಗುವ ಬರ್ತ್ ಇನ್ನೂ ಖಚಿತವಾಗದೆ, ಕೂರಲು ಮಾತ್ರ ಜಾಗ ಸಿಕ್ಕಿರುವ) ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಇದ್ದರೆ ರೈಲ್ವೆ ಟಿಕೆಟ್ ಕಾದಿರಿಸುವ ಐಆರ್‌ಸಿಟಿಸಿ ತಾಣದಲ್ಲಿಯೇ, ಪ್ರಯಾಣ ಆರಂಭಿಸುವ ಅಥವಾ ಮುಗಿಸುವ ನಿಲ್ದಾಣದಲ್ಲಿ, ಗರಿಷ್ಠ 48 ಗಂಟೆಗಳವರೆಗೆ ಕಾದಿರಿಸಬಹುದು. ವೇಟಿಂಗ್ ಲಿಸ್ಟ್ ಟಿಕೆಟ್ಟಿಗೆ ಇದು ದೊರೆಯುವುದಿಲ್ಲ. ರೂಮ್ ಬೇಡ, ಸಾಮಾನು ಇಡಲು ಜಾಗ ಸಿಕ್ಕರೆ ಸಾಕು ಎನ್ನುವವರಿಗೆ ಕ್ಲೋಕ್ ರೂಮ್ ಇದೆ. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು. ಮಗನಿಗೆಂದು ಕಾಫಿಪುಡಿ, ಕಾಳುಮೆಣಸುಗಳನ್ನು ಕೈಚೀಲದಲ್ಲಿ ಗಂಟು ಕಟ್ಟಿಕೊಂಡು ಹೊರಡುವವರು ಅದನ್ನು ಸೂಟ್‌ಕೇಸಿನೊಳಗೆ ಸೇರಿಸಿಕೊಳ್ಳುವುದು ಒಳ್ಳೆಯದು.