72 ತಾಸು ಎಣಿಸುವುದು ಎಲ್ಲಿಂದ? ಪಾರ್ಸೆಲ್‌ನಲ್ಲಿ ಬರುವ ಕೋಳಿಮರಿಗಳ ಟಿಪ್ಪಣಿ

ಅಮೆರಿಕದಲ್ಲಿ 1918ರಿಂದಲೂ ಒಂದು ದಿನದ ಕೋಳಿಮರಿಗಳನ್ನು ಅಂಚೆಯಲ್ಲೇ ಕಳಿಸುತ್ತಾರೆ. ನಮ್ಮ ಕಡೆ ಆ ಕೆಲಸ ಮಾಡುವುದು ರಾತ್ರಿ ಬಸ್ಸಿನ ಡಿಕ್ಕಿ, ಇಲ್ಲವೇ ರೈಲಿನ ಪಾರ್ಸೆಲ್ ಬೋಗಿ. ವಾಟ್ಸಾಪ್‌ನಲ್ಲಿ ಫೋಟೊ ನೋಡಿ ಫೋನಿನಲ್ಲೇ ದುಡ್ಡು ಹಾಕುತ್ತೇವೆ, ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಮರಿ ಹುಬ್ಬಳ್ಳಿಗೆ ಬಂದು ಇಳಿಯುತ್ತವೆ. ದಾರಿಯಲ್ಲಿ ಏನಾದರೂ ಆದೀತಾ ಎಂದು ಕೇಳಿದರೆ ಉತ್ತರ ಸಿದ್ಧ ಇರುತ್ತದೆ: "72 ತಾಸು ನೀರು, ಕಾಳು ಏನೂ ಬೇಡ್ರಿ, ಹೊಟ್ಯಾಗ ಎಲ್ಲಾ ಇರ್ತೈತಿ."

ಮಾತು ಸುಳ್ಳಲ್ಲ. ಆದರೆ 72 ತಾಸು ಯಾವಾಗಿನಿಂದ ಎಂದು ಯಾರೂ ಹೇಳುವುದಿಲ್ಲ. ಕಲಿಯುವವರು ಎಡವುವುದು ಇಲ್ಲೇ, ಹಾಗಾಗಿ ಈ ಟಿಪ್ಪಣಿಯ ಹೆಚ್ಚು ಭಾಗ ಅದಕ್ಕೇ ಹೋಗಿದೆ.

ಹೊಟ್ಟೆಯೊಳಗಿನ ಬುತ್ತಿ

ಮೊಟ್ಟೆ ಒಡೆಯುವ ಒಂದೆರಡು ದಿನ ಮೊದಲು ಉಳಿದ ಹಳದಿ ಭಾಗ ಚೀಲದ ಸಮೇತ ಹೊಕ್ಕುಳಿನ ಮೂಲಕ ಮರಿಯ ಹೊಟ್ಟೆಯೊಳಗೆ ಸರಿಯುತ್ತದೆ. 40 ಗ್ರಾಂ ಮರಿಯಲ್ಲಿ ಇದು 5ರಿಂದ 8 ಗ್ರಾಂ. ಕೊಬ್ಬು, ಪ್ರೋಟೀನ್, ಜೊತೆಗೆ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಇದರಲ್ಲಿರುತ್ತವೆ. ಮರಿ ದಾರಿಯಲ್ಲಿ ಇದನ್ನೇ ಪೂರ್ತಿ ಉರಿಸಿಕೊಂಡರೆ ಪ್ರತಿಕಾಯದ ಪ್ರೋಟೀನೂ ಹೊಟ್ಟೆಪಾಡಿಗೇ ಹೋಗುತ್ತದೆ. 72 ತಾಸು ಎನ್ನುವುದು ಬದುಕುಳಿಯುವ ಕೊನೆಯ ಗಡಿ. ಅಷ್ಟು ಹೊತ್ತು ಮರಿ ಸುಖವಾಗಿರುತ್ತದೆ ಎಂದು ಅರ್ಥವಲ್ಲ.

ಲೆಕ್ಕ

ಒಂದು ಹ್ಯಾಚರ್‌ನ (ಮೊಟ್ಟೆ ಒಡೆದು ಮರಿ ಹೊರಬರುವ ಯಂತ್ರ) ಮೊಟ್ಟೆಗಳೆಲ್ಲ ಒಂದೇ ಹೊತ್ತಿಗೆ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ 24ರಿಂದ 36 ತಾಸು ಅಂತರ ಇರುತ್ತದೆ. ಎಲ್ಲ ಒಡೆದ ಮೇಲೆ ಟ್ರೇ ಹೊರಗೆ ತೆಗೆಯುತ್ತಾರೆ, ಬಿಲ್ಲಿನ ಮೇಲೆ ಬೀಳುವುದು ಆ ದಿನದ ತಾರೀಖು. ಆದರೆ ಮೊದಲು ಒಡೆದು ಬಂದ ಮರಿಯ ಬುತ್ತಿ ಅಷ್ಟರಲ್ಲಿ ಒಂದು ದಿನಕ್ಕೂ ಹೆಚ್ಚು ಖರ್ಚಾಗಿರುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ:

ಸೋಮವಾರ ಬೆಳಗ್ಗೆ 6: ಮೊದಲ ಮರಿ ಹೊರಬಂತು.
ಮಂಗಳವಾರ ಮಧ್ಯಾಹ್ನ 12: ಕೊನೆಯ ಮರಿ ಹೊರಬಂತು.
ಮಂಗಳವಾರ ಸಂಜೆ 4: ಟ್ರೇ ತೆಗೆದರು. ಆಯ್ಕೆ, ಮ್ಯಾರೆಕ್ಸ್ ರೋಗದ ಲಸಿಕೆ, ಎಣಿಕೆ ಮುಗಿಯುವಾಗ ರಾತ್ರಿ 9.
ಬುಧವಾರ ಸಂಜೆ 7: ಬಸ್ಸು ಹೊರಟಿತು.
ಗುರುವಾರ ಬೆಳಗ್ಗೆ 6: ಹುಬ್ಬಳ್ಳಿ. ಅಲ್ಲಿಂದ ನವಲಗುಂದ ಕಡೆಯ ಹಳ್ಳಿಗೆ ಮುಟ್ಟಿದ್ದು 9ಕ್ಕೆ.

ಮಾರಿದವರು ಮಂಗಳವಾರ ಸಂಜೆ 4ರಿಂದ ಎಣಿಸುತ್ತಾರೆ: 41 ತಾಸು. "ಇನ್ನೂ 31 ತಾಸು ಕೈಯಲ್ಲಿದೆ" ಎನ್ನುತ್ತಾರೆ. ಕೊನೆಯ ಮರಿಗೆ ಆಗಿರುವುದು 45 ತಾಸು, ಅದಕ್ಕೆ ಚಿಂತೆಯಿಲ್ಲ. ಮೊದಲ ಮರಿಗೆ 75 ತಾಸು. ಒಂದೇ ಡಬ್ಬಿ, ಒಂದೇ ಬಿಲ್ಲು, ಒಂದೇ ತಾರೀಖು, ಆದರೂ ಒಂದು ಮರಿ ಗಡಿ ದಾಟಿದೆ.

ಇದೇ ಮರಿಗಳನ್ನು ಮಂಗಳವಾರ ರಾತ್ರಿ 10ರ ಬಸ್ಸಿಗೇ ಹಾಕಿದ್ದರೆ ಬುಧವಾರ ಮಧ್ಯಾಹ್ನ 12ಕ್ಕೆ ಹಳ್ಳಿಯಲ್ಲಿರುತ್ತಿದ್ದವು, ಮೊದಲ ಮರಿಗೂ 54 ತಾಸೇ ಆಗುತ್ತಿತ್ತು. ಅಂದರೆ ಮರಿಯನ್ನು ಗಡಿ ದಾಟಿಸಿದ್ದು ದಾರಿಯ ದೂರ ಅಲ್ಲ, ಗೋದಾಮಿನಲ್ಲಿ ಸುಮ್ಮನೆ ಇಟ್ಟುಕೊಂಡ ಆ ಬುಧವಾರ. 2001ರಲ್ಲಿ ತಿದ್ದುಪಡಿಯಾದ ಭಾರತದ ಪ್ರಾಣಿ ಸಾಗಣೆ ನಿಯಮಗಳೂ ಇದನ್ನೇ ಹೇಳುತ್ತವೆ: ಒಡೆದ ಕೂಡಲೇ ಪ್ಯಾಕ್ ಮಾಡಿ ಕಳಿಸಬೇಕು, ಡಬ್ಬಿಯಲ್ಲಿ ತುಂಬಿ ಇಟ್ಟುಕೊಳ್ಳಬಾರದು, ಬಿಸಿಲು ಮಳೆಗೆ ಒಡ್ಡಬಾರದು, ಡಬ್ಬಿ ವಾಲಬಾರದು, ಅದರ ಮೇಲೆ ಬೇರೆ ಸಾಮಾನು ಹೇರಬಾರದು.

ಅಡ್ಡದಾರಿಯ ಸೂತ್ರ: ಟ್ರೇ ತೆಗೆದ ಹೊತ್ತು ಕೇಳಿ, ಅಷ್ಟರಲ್ಲೇ 36 ತಾಸು ಖರ್ಚಾಗಿದೆ ಎಂದು ಕಣ್ಣುಮುಚ್ಚಿ ಹಿಡಿಯಿರಿ. 72ರಲ್ಲಿ ಉಳಿಯುವುದು 36 ತಾಸು. ಮನೆಯ ಬ್ರೂಡರ್‌ವರೆಗಿನ (ಮರಿಗಳಿಗೆ ಕಾವು ಕೊಡುವ ಗೂಡು) ಪಯಣ ಅದರೊಳಗೆ ಮುಗಿಯುವಂತಿದ್ದರೆ ಆರ್ಡರ್ ಕೊಡಿ. ಟ್ರೇ ತೆಗೆದ ಹೊತ್ತು ಹೇಳದೆ "ಇವತ್ತಿಂದೇ ಮಾಲು" ಎಂದಷ್ಟೇ ಹೇಳುವವರನ್ನು ಬಿಡಿ. ಎರಡು ಬಸ್ ಬದಲಾಗುವ ಬುಕಿಂಗೂ ಬೇಡ. ನಡುವೆ ಡಬ್ಬಿ ಯಾವ ಕಟ್ಟೆಯ ಮೇಲೆ ಕೂತಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಜೀವಂತ ಬಂದ ಮರಿ 4ನೇ ದಿನ ಸಾಯುವುದೇಕೆ

ಡಬ್ಬಿ ತೆರೆದಾಗ ಎಲ್ಲ ಚಿಂವ್ ಚಿಂವ್ ಅನ್ನುತ್ತಿರುತ್ತವೆ. ಸೊರಗಿದ ಮರಿ ನೀರಿನ ಬಟ್ಟಲವರೆಗೂ ನಡೆಯದೆ ಬಲ್ಬಿನ ಕೆಳಗೇ ನಿದ್ದೆಗೆ ಬೀಳುತ್ತದೆ, ಉಳಿದ ಹಳದಿಯಲ್ಲಿ ಇನ್ನೂ ಒಂದೆರಡು ದಿನ ತಳ್ಳುತ್ತದೆ. 4ರಿಂದ 6ನೇ ದಿನ ಸಾವು. ಕೊಯ್ದು ನೋಡಿದರೆ ಕುತ್ತಿಗೆಯ ಕೆಳಗಿನ ಮೇವಿನ ಚೀಲ ಖಾಲಿ. ಮರಿ ಮಾಡಿ ಮಾರುವ ಹ್ಯಾಚರಿಯ ಗ್ಯಾರಂಟಿ ಮಾತ್ರ "ಮುಟ್ಟಿದಾಗ ಜೀವಂತ" ಎನ್ನುವಲ್ಲಿಗೆ ಮುಗಿದಿರುತ್ತದೆ. ಹೀಗಾಗಿ ಸಾಗಣೆಯ ಸಾವು ಸಾಕಿದವರ ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ.

ಡಬ್ಬಿ

100 ಮರಿಯ ಡಬ್ಬಿಗೆ ನಾಲ್ಕು ಖಾನೆ, ಖಾನೆಗೆ 25. ಬೇಸಿಗೆಯಲ್ಲಿ 20 ಸಾಕು. ಒಳಗೆ 30ರಿಂದ 32 ಡಿಗ್ರಿ ಇರಬೇಕು. ಬಸ್ಸು ಓಡುವಾಗ ಹೇಗೋ ಗಾಳಿಯಾಡುತ್ತದೆ, ಡಾಬಾ ಮುಂದೆ ಅರ್ಧ ತಾಸು ನಿಂತಾಗ ಮುಚ್ಚಿದ ಡಿಕ್ಕಿಯಲ್ಲಿ ಮರಿಗಳ ಮೈಶಾಖವೇ ಮರಿಗಳನ್ನು ಬೇಯಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಗದಗ, ರೋಣ ಕಡೆ ಹಗಲು ಪ್ರಯಾಣ ಬೇಡವೇ ಬೇಡ. ಡಿಸೆಂಬರ್‌ನಲ್ಲಿ ಧಾರವಾಡದ ಬೆಳಗಿನ ಚಳಿಗೆ ತದ್ವಿರುದ್ಧ ತೊಂದರೆ: ಮರಿ ಮೂಲೆಗೆ ಒತ್ತಿಕೊಂಡು ಕೆಳಗಿನವು ಉಸಿರುಗಟ್ಟುತ್ತವೆ. ಕಡಿಮೆ ಮರಿ ತರಿಸಿದರೆ ಖಾನೆಯನ್ನೂ ರಟ್ಟು ಹಾಕಿ ಚಿಕ್ಕದು ಮಾಡಬೇಕು.

ನಿಲ್ದಾಣದಲ್ಲಿ

ಸಹಿ ಹಾಕುವ ಮೊದಲು ಡಬ್ಬಿ ತೆರೆಯಿರಿ, ಸತ್ತವನ್ನು ಎಣಿಸಿ, ವಿಡಿಯೊ ಮಾಡಿ. ಪ್ರತಿ ಖಾನೆಯಿಂದ ಎರಡೆರಡು ಮರಿ ಕೈಗೆತ್ತಿಕೊಳ್ಳಿ. ಕಾಲು ಒಣಗಿ ಸುಕ್ಕುಗಟ್ಟಿ ನರ ಎದ್ದು ಕಾಣುತ್ತಿದ್ದರೆ ನೀರು ಬತ್ತಿದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಶಾಖ ಹೆಚ್ಚಾಗಿದೆ. ಹೊಕ್ಕುಳು ಒಣಗಿ ಮುಚ್ಚಿರಬೇಕು. ಅಲ್ಲಿ ಒದ್ದೆ, ದುರ್ವಾಸನೆ ಇದ್ದು ಹೊಟ್ಟೆ ಉಬ್ಬಿ ಮೆತ್ತಗಾಗಿದ್ದರೆ ಅದು ಹೊಕ್ಕುಳ ಸೋಂಕು, ಹ್ಯಾಚರಿಯ ಕೊಳೆಯಿಂದ ಬಂದದ್ದು. ಅದನ್ನು ಬಸ್ಸಿನವರ ಮೇಲೆ ಹಾಕಬೇಡಿ.

ಮನೆಯಲ್ಲಿ, ಚುಟುಕಾಗಿ

ಬ್ರೂಡರ್ ಹಿಂದಿನ ರಾತ್ರಿಯೇ ಕಾದಿರಬೇಕು, ಮರಿಯ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ. ಮೊದಲು ನೀರು: ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ಅದ್ದಿ ಬಿಡಿ. ಉಗುರುಬೆಚ್ಚಗಿನ ನೀರಿಗೆ ಲೀಟರಿಗೆ ಸುಮಾರು 50 ಗ್ರಾಂ ಬೆಲ್ಲ, ಅದೂ ಮೊದಲ ಕೆಲವು ತಾಸು ಮಾತ್ರ. ದಿನವಿಡೀ ಬೆಲ್ಲದ ನೀರಿಟ್ಟರೆ ಹಿಕ್ಕೆ ಗುದಕ್ಕೆ ಅಂಟಿ ದಾರಿ ಕಟ್ಟುತ್ತದೆ. ಎರಡು ತಾಸಿನ ನಂತರ ಜೋಳದ ನುಚ್ಚು ಅಥವಾ ಸ್ಟಾರ್ಟರ್ (ಎಳೆ ಮರಿಗಳ ಸಿದ್ಧ ಮೇವು). ಹಾಸಿಗೆಗೆ ಭತ್ತದ ಹೊಟ್ಟು ಒಳ್ಳೆಯದು. ಶೇಂಗಾ ಹೊಟ್ಟು ಬಳಸುವುದಾದರೆ ಬೂಷ್ಟು ಇಲ್ಲದಂತೆ ಒಣಗಿಸಿ, ಆ ಬೂಷ್ಟೇ ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರುದಿನ ಬೆಳಗ್ಗೆ ಕುತ್ತಿಗೆಯ ಕೆಳಗಿನ ಮೇವಿನ ಚೀಲ ಮುಟ್ಟಿ ನೋಡಿ. ಖಾಲಿ ಇರುವ ಮರಿಗಳನ್ನು ಬೇರೆ ಮಾಡಿ, ಕೈಯಾರೆ ಕುಡಿಸಿ. 4ನೇ ದಿನ ಸಾಯುವುದು ಇವೇ.

ನೈತಿಕ ಪ್ರಶ್ನೆಗಳು

100 ಕೇಳಿದರೆ 102 ಕಳಿಸುವ ರೂಢಿ ಇದೆ. ಕೊಂಡವರಿಗೆ ಉಚಿತ ಅನ್ನಿಸುತ್ತದೆ, ಆದರೆ ಅದು ಸಾವಿಗೆ ಮೊದಲೇ ಕಟ್ಟಿಟ್ಟ ಮೀಸಲು. ಹೀಗೆ ಭರ್ತಿ ಮಾಡಿಕೊಡುವ ವ್ಯವಸ್ಥೆಯಲ್ಲಿ ದಾರಿಯನ್ನು ಸುಧಾರಿಸುವ ಅವಸರ ಯಾರಿಗೂ ಇರುವುದಿಲ್ಲ.

ಅಮೆರಿಕದಲ್ಲಿ ಕಡಿಮೆ ಮರಿಯ ಆರ್ಡರ್‌ಗಳಲ್ಲಿ ಡಬ್ಬಿ ಬೆಚ್ಚಗಿರಲೆಂದು ಕೇಳದ ಹುಂಜ ಮರಿಗಳನ್ನು ತುಂಬುವುದುಂಟು. 2025ರ ವಸಂತದಲ್ಲಿ ಡೆಲವೇರ್ ರಾಜ್ಯದಲ್ಲಿ ಅಂಚೆ ಲಾರಿಯೊಂದರಲ್ಲಿ ಸುಮಾರು 12,000 ಮರಿ ದಿನಗಟ್ಟಲೆ ಉಳಿದು, ಸಾವಿರಾರು ಸತ್ತವು. ನಮ್ಮ ಕಡೆ ಹುಂಜ ಮರಿಗಳ ಕಥೆ ಬೇರೆ. ಮೊಟ್ಟೆ ತಳಿಯ ಹುಂಜ ಮಾಂಸಕ್ಕೂ ಲಾಭವಿಲ್ಲ, ಮೊಟ್ಟೆಗೂ ಇಲ್ಲ. ಹುಟ್ಟಿದ ದಿನವೇ ಕೊಲ್ಲುತ್ತಾರೆ, ಇಲ್ಲವೇ ಗುಲಾಬಿ, ಹಸಿರು ಬಣ್ಣ ಬಳಿದು ಸಂತೆಯಲ್ಲಿ ಮಕ್ಕಳ ಕೈಗೆ ಮಾರುತ್ತಾರೆ. ಜರ್ಮನಿ 2022ರಿಂದ ಹೀಗೆ ಕೊಲ್ಲುವುದನ್ನು ನಿಷೇಧಿಸಿದೆ. "ಬರೇ ಹ್ಯಾಟೆ ಮರಿ ಕೊಡ್ರಿ" ಎಂದು ನಾವು ಆರ್ಡರ್ ಕೊಡುವಾಗ ಅಷ್ಟೇ ಹುಂಜಗಳ ಲೆಕ್ಕವನ್ನು ಇನ್ನೊಬ್ಬರ ಕೈಗೆ ಬಿಟ್ಟಂತೆ. ಗಿರಿರಾಜ, ಸ್ವರ್ಣಧಾರದಂಥ ಎರಡೂ ಉಪಯೋಗದ ತಳಿಗಳಲ್ಲಿ ಈ ತಾಪತ್ರಯ ಕಡಿಮೆ, ಹುಂಜವನ್ನೂ ಸಾಕಿ ಮಾರಬಹುದು.

ಬೇರೆ ದಾರಿ

ಮೊದಲು ಹತ್ತಿರ ವಿಚಾರಿಸಿ: ಧಾರವಾಡದ ಸೈದಾಪುರ, ಗದಗಿನ ಹುಲಕೋಟಿ, ಹಾವೇರಿಯ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಯಾರಲ್ಲಿ ಮರಿ ಸಿಗುತ್ತದೆ ಎಂದು ಕೇಳಬಹುದು. ನಾಲ್ಕೈದು ವಾರ ಬೆಳೆದ, ಕೊಕ್ಕರೆ ರೋಗ (ರಾಣಿಖೇತ್) ಮತ್ತು ಗಂಬೋರೋ ರೋಗದ ಲಸಿಕೆ ಆದ ಮರಿ ದುಬಾರಿ. ಆದರೆ ಒಂದು ದಿನದ ಮರಿಯ ಬೆಲೆಗೆ ಸಾವಿನ ನಷ್ಟ ಸೇರಿಸಿದರೆ ಬೆಲೆಯ ಅಂತರ ಕರಗುತ್ತದೆ.

ಮನೆಯಲ್ಲಿ ಕಾವಿಗೆ ಕೂತ ಜವಾರಿ ಕೋಳಿ ಇದ್ದರೆ ಮರಿಯ ಬದಲು ಕಾವಿನ ಮೊಟ್ಟೆ ತರಿಸುವುದೇ ಮೇಲು, ಒಂದು ಕೋಳಿಗೆ 10ರಿಂದ 12. ಪಾರ್ಸೆಲ್‌ನಲ್ಲಿ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಅರ್ಧ ದಿನದಿಂದ ಒಂದು ದಿನ ತಂಪು ಜಾಗದಲ್ಲಿ ಇಟ್ಟು ಆಮೇಲೆ ಕೂರಿಸಬೇಕು. ಕುಲುಕಾಟದಿಂದ ಮೊಟ್ಟೆ ಮರಿಯಾಗುವ ಪ್ರಮಾಣ ಕಡಿಮೆಯಾಗುತ್ತದೆ, ಆದರೆ ದಾರಿಯಲ್ಲಿ ಬಾಯಾರುವ ಜೀವ ಅಲ್ಲಿರುವುದಿಲ್ಲ.

ಹೊರಗಿನಿಂದ ಮರಿಯೇ ಬಂದರೆ ಹಳೆಯ ಕೋಳಿಗಳಿಂದ ಕನಿಷ್ಠ 3 ವಾರ ದೂರ ಇಡಿ. ನೀರಿನ ಬಟ್ಟಲು ಬೇರೆ, ಚಪ್ಪಲಿ ಬೇರೆ. ಮೇವು ಹಾಕುವಾಗ ಮೊದಲು ಮರಿಗಳಿಗೆ, ಆಮೇಲೆ ಹಳೆಯವಕ್ಕೆ. ಬಿಳಿ ಭೇದಿಯಾಗಿ ಮರಿಗಳು ಸಾಯತೊಡಗಿದರೆ ಅದು ತಾಯಿಯಿಂದ ಮೊಟ್ಟೆಯ ಮೂಲಕ ಬರುವ ಪುಲ್ಲೋರಮ್ ರೋಗ ಇರಬಹುದು. ಸತ್ತ ಮರಿಯನ್ನು ಐಸ್ ಜೊತೆ ಪಶು ಆಸ್ಪತ್ರೆಗೆ ಅದೇ ದಿನ ಒಯ್ಯಿರಿ, ಬಿಲ್ಲೂ ಡಬ್ಬಿಯ ಚೀಟಿಯೂ ಜೊತೆಗಿರಲಿ.