ಡಿಫರೆನ್ಶಿಯಲ್ ಪ್ರೈವಸಿ ಅಂದರೆ ಏನು?

ಕಾಲೇಜಿನ 1000 ವಿದ್ಯಾರ್ಥಿಗಳನ್ನು "ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದೀರಾ?" ಅಂತ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಅದಕ್ಕೊಂದು ಉಪಾಯ ಇದೆ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಲಿ. ಹೆಡ್ ಬಿದ್ದರೆ ನಿಜ ಹೇಳಬೇಕು. ಟೇಲ್ ಬಿದ್ದರೆ ಇನ್ನೊಮ್ಮೆ ಚಿಮ್ಮಬೇಕು. ಆಗ ಹೆಡ್ ಬಂದರೆ 'ಹೌದು', ಟೇಲ್ ಬಂದರೆ 'ಇಲ್ಲ' ಅನ್ನಬೇಕು, ನಿಜ ಏನೇ ಇರಲಿ.

ಒಟ್ಟು 400 'ಹೌದು' ಬಂತು ಅಂದುಕೊಳ್ಳಿ. ಎರಡನೇ ಸಲ ಚಿಮ್ಮಿದವರು ಸುಮಾರು 500 ಮಂದಿ. ಅವರ 250 'ಹೌದು' ಬರೀ ನಾಣ್ಯ ಹೇಳಿಸಿದ್ದು. ಅದನ್ನು ಕಳೆದರೆ ಉಳಿಯುವುದು 150. ಇದು ನಿಜ ಹೇಳಿದ ಅರ್ಧ ಜನರ ಲೆಕ್ಕ, ಹಾಗಾಗಿ ಇಡೀ ಕಾಲೇಜಿಗೆ ಸುಮಾರು 300. ಲೆಕ್ಕ ಸಿಕ್ಕಿತು. ಆದರೆ 'ಹೌದು' ಅಂದ ಒಬ್ಬ ಹುಡುಗಿಯ ಕಡೆ ಬೆರಳು ತೋರಿಸಲು ಆಗುವುದಿಲ್ಲ. ನಾಣ್ಯವೇ ಹಾಗೆ ಹೇಳಿಸಿರಬಹುದು, ಅಲ್ವಾ?

ಈ ಬಗೆಯ ಉಪಾಯವನ್ನು ಸ್ಟ್ಯಾನ್ಲಿ ವಾರ್ನರ್ 1965ರಲ್ಲೇ ಬರೆದಿದ್ದರು. 2006ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಸಿಂಥಿಯಾ ಡ್ವರ್ಕ್, ಫ್ರಾಂಕ್ ಮೆಕ್‌ಶೆರ್ರಿ ಇನ್ನಿಬ್ಬರ ಜೊತೆ ಸೇರಿ ಇಂಥ ಗುಟ್ಟು ಕಾಯುವ ಕೆಲಸಕ್ಕೆ ಗಟ್ಟಿಯಾದ ಗಣಿತ ಕೊಟ್ಟರು. ಅದೇ ಡಿಫರೆನ್ಶಿಯಲ್ ಪ್ರೈವಸಿ. ಡಿಫರೆನ್ಸ್ ಅಂದರೆ ವ್ಯತ್ಯಾಸ. ನಿಮ್ಮ ಮಾಹಿತಿ ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಸಿಗುವ ಉತ್ತರದಲ್ಲಿ ಹೆಚ್ಚು ವ್ಯತ್ಯಾಸ ಕಾಣಬಾರದು.

ಸುಮ್ನೆ ಹೆಸರು ಅಳಿಸಿದರೆ ಸಾಲದೇ? ಸಾಲದು. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್‌ಗೆ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಂಚೆಯ ಪಿನ್‌ಕೋಡ್, ಇಷ್ಟನ್ನೇ ಹೊಂದಿಸಿ ನೋಡಿ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹುಡುಕಿ ತೆಗೆದರು!

ಗೂಗಲ್ 2014ರಲ್ಲಿ ನಾಣ್ಯದ ಉಪಾಯವನ್ನು ಕ್ರೋಮ್ ಬ್ರೌಸರ್‌ಗೆ ತಂದಿತು. 2016ರಲ್ಲಿ ಆಪಲ್, ಜನ ಯಾವ ಎಮೋಜಿ ಜಾಸ್ತಿ ಬಳಸುತ್ತಾರೆ ಎಂದು ತಿಳಿಯಲು ಡಿಫರೆನ್ಶಿಯಲ್ ಪ್ರೈವಸಿಯನ್ನು ಐಫೋನ್‌ಗೆ ತಂದಿತು.

ಆದರೆ ಎಷ್ಟು ಸುಳ್ಳು ಬೆರೆಸಬೇಕು? ಅದನ್ನು ಅಳೆಯುವ ಸಂಖ್ಯೆಯೇ ಎಪ್ಸಿಲಾನ್. ಅದು ಚಿಕ್ಕದಿದ್ದಷ್ಟೂ ನಿಮ್ಮ ಗುಟ್ಟು ಭದ್ರ, ಲೆಕ್ಕ ಮಾತ್ರ ಒರಟು. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಇದೇ. ಎಪ್ಸಿಲಾನ್ ಎಷ್ಟೆಂದು ಹೇಳದೆ 'ಡಿಫರೆನ್ಶಿಯಲ್ ಪ್ರೈವಸಿ' ಅನ್ನುವ ಪದವನ್ನಷ್ಟೇ ಬಳಸುವ ಕಂಪನಿಯ ಮಾತು ಅರ್ಧ ಮಾತು. 2017ರಲ್ಲಿ ಹೊರಗಿನ ಸಂಶೋಧಕರು ಆಪಲ್‌ನ ಸಾಫ್ಟ್‌ವೇರ್ ಬಿಚ್ಚಿ ನೋಡಿ, ಸಂಖ್ಯೆ ತೀರಾ ದೊಡ್ಡದಾಯಿತು ಅಂದರು. ಆಪಲ್ ಆ ಲೆಕ್ಕ ಒಪ್ಪಲಿಲ್ಲ. ಆಮೇಲೆ ತನ್ನ ಸಂಖ್ಯೆಗಳನ್ನು ತಾನೇ ಪ್ರಕಟಿಸಿತು: ಎಮೋಜಿಗೆ 4.